ಎಲ್ಲ ಗುಣವೂ ಒಂದೇ ಗಿಡದಲ್ಲಿ ಏಕೆ ಸಿಗದು?

ಮುಂಗಾರು ಹತ್ತಿರವಾಯಿತೆಂದರೆ ಶಿವಮೊಗ್ಗಕ್ಕೆ ಅಡಿಕೆ ತರುವ ನಮ್ಮ ಸದಸ್ಯರು ಧಾರಣೆಯ ಜೊತೆಗೆ ವಿಚಾರಿಸುವ ಇನ್ನೊಂದು ಸಂಗತಿ ಸಸಿಯದು. ಬೇಗ ಸಿಂಗಾರ ಬಿಡಬೇಕು, ಮರ ಗಿಡ್ಡವಾಗಿರಬೇಕು, ಗೊನೆ ತುಂಬಬೇಕು, ಕೊಳೆ ತಗಲಬಾರದು, ಎಲೆಚುಕ್ಕೆ ಹತ್ತಿರ ಸುಳಿಯಬಾರದು, ಬೇಸಿಗೆಯಲ್ಲಿ ನೀರು ಕಡಿಮೆಯಾದರೂ ತಡೆದುಕೊಳ್ಳಬೇಕು. ಅಂಥ ತಳಿ ಯಾವುದು? ಕಾಫಿ ಬೆಳೆಗಾರರ ಪಟ್ಟಿಯೂ ಇಷ್ಟೇ ಉದ್ದ. ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಮ್ಮೆ ನೆಟ್ಟ ಅಡಿಕೆ ಸಸಿ ನಲವತ್ತು ವರ್ಷ ಆ ಜಾಗವನ್ನು ಹಿಡಿದುಕೊಂಡಿರುತ್ತದೆ. ಭತ್ತದ ಹಾಗೆ ಈ ವರ್ಷ ಸರಿಬರಲಿಲ್ಲವೆಂದು ಮುಂದಿನ ವರ್ಷ ಬೀಜ ಬದಲಿಸಲು ಬರುವುದಿಲ್ಲ. ಎಕರೆಗೆ 550 ಸಸಿ ನೆಡುವವರು ಆಯ್ಕೆಯಲ್ಲಿ ಎಡವಿದರೆ ಅದರ ಫಲ ಉಣ್ಣುವವರು ಮಕ್ಕಳು.

ಇಂಥ ಸರ್ವಗುಣಸಂಪನ್ನ ತಳಿ ಏಕೆ ಸಿಗುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತವೆಂದು ನಮಗೆ ತೋರಿದೆ. ಸಂಶೋಧನಾ ಕೇಂದ್ರಗಳವರು ಮನಸ್ಸು ಮಾಡುತ್ತಿಲ್ಲ ಎಂದು ಕೆಲವರು ಹೇಳುವುದುಂಟು. ನಿಜವಾದ ಕಾರಣ ಗಿಡದ ಹುಟ್ಟುಗುಣದಲ್ಲೇ ಇದೆ.

ಗಿಡದ ಆದಾಯವೆಂದರೆ ಎಲೆ ಬಿಸಿಲಿನಲ್ಲಿ ತಯಾರಿಸುವ ಸಕ್ಕರೆ. ಬೇರು, ಕಾಂಡ, ಹೊಸ ಎಲೆ, ಹೂ, ಕಾಯಿ, ರೋಗ ಮತ್ತು ಕೀಟಗಳ ವಿರುದ್ಧದ ರಕ್ಷಣೆ, ಇಷ್ಟಕ್ಕೂ ಖರ್ಚು ನಡೆಯಬೇಕಾದದ್ದು ಆ ಒಂದೇ ಗಂಟಿನಿಂದ. ಮಗಳ ಮದುವೆಯ ವರ್ಷ ಮನೆಯ ಹೆಂಚು ಬದಲಿಸುವ ಕೆಲಸ ಮುಂದಕ್ಕೆ ಹೋಗುವ ಹಾಗೆ, ಕಾಯಿಗೆ ಹೆಚ್ಚು ಹೋದರೆ ಬೇರಿಗೆ ಕಡಿಮೆಯಾಗುತ್ತದೆ. ಯಾವುದಕ್ಕೆ ಎಷ್ಟು ಎಂಬ ಹಂಚಿಕೆಯನ್ನು ಗಿಡ ಯೋಚಿಸಿ ಮಾಡುವುದಿಲ್ಲ. ಅದು ತಲೆತಲಾಂತರದಿಂದ ಬಂದದ್ದು. ಒಂದು ಹಂಚಿಕೆಯ ಗಿಡಗಳು ಹೆಚ್ಚು ಮರಿಗಳನ್ನು ಉಳಿಸಿದವು, ಇನ್ನೊಂದು ಹಂಚಿಕೆಯವು ಕಡಿಮೆ ಉಳಿಸಿದವು. ಸಾವಿರಾರು ತಲೆಮಾರು ಕಳೆಯುವಷ್ಟರಲ್ಲಿ ಮೊದಲನೆಯದೇ ಆ ಜಾತಿಯ ಸ್ವಭಾವವಾಯಿತು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ನಿಸರ್ಗದ ಆಯ್ಕೆ ಎಂದು ಕರೆದ. ಇಲ್ಲಿ ಬೆಳೆಗಾರರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಿಸರ್ಗದ ಅಳತೆಗೋಲು ಉಳಿದ ಮರಿಗಳ ಸಂಖ್ಯೆ, ನಮ್ಮದು ಕ್ವಿಂಟಾಲು. ಇವೆರಡೂ ಕೆಲವು ಕಡೆ ಒಂದಾಗುತ್ತವೆ, ಕೆಲವು ಕಡೆ ಬೇರೆಯಾಗುತ್ತವೆ.

ಕೊಟ್ಟಿಗೆಯಲ್ಲೇ ಇದಕ್ಕೊಂದು ಉದಾಹರಣೆಯಿದೆ. ನಮ್ಮ ಮಲೆನಾಡು ಗಿಡ್ಡ ಹಸು ದಿನಕ್ಕೆ ಒಂದೆರಡು ಲೀಟರು ಹಾಲು ಕೊಟ್ಟರೆ ಹೆಚ್ಚು. ಅದನ್ನು ನೋಡಿ ನಗುವವರು ಹಸು ಆ ಮೈಯನ್ನು ಏಕೆ ಪಡೆಯಿತೆಂದು ವಿಚಾರಿಸುವುದಿಲ್ಲ. ತಿಂಗಳುಗಟ್ಟಲೆ ಬಿಡದ ಮಳೆ, ಸತ್ವವಿಲ್ಲದ ಬ್ಯಾಣದ ಹುಲ್ಲು, ಉಣ್ಣೆ, ಜಿಗಣೆ, ಜಾರುವ ಗುಡ್ಡ. ಇಂಥಲ್ಲಿ ದೊಡ್ಡ ಮೈಯ, ಕೆಚ್ಚಲು ತುಂಬುವ ಹಸು ಮೈ ಸೊರಗಿ ಬಿದ್ದುಹೋಗುತ್ತದೆ. ಸಣ್ಣ ಮೈ, ಸಣ್ಣ ಹೊಟ್ಟೆ, ಗಟ್ಟಿ ಗೊರಸು ಇದ್ದ ಹಸುಗಳ ಕರುಗಳು ಉಳಿದವು. ಹಾಲಿಗೆ ಹೋಗಬಹುದಾಗಿದ್ದ ಪಾಲು ಬದುಕಿಗೆ ಹೋಯಿತು. ಮಿಶ್ರತಳಿ ಹಸು ತಂದು ಹತ್ತು ಲೀಟರು ಕರೆಯುವವರು ಆ ಹಾಲನ್ನು ಹಿಂಡಿ, ಔಷಧಿ, ಒಣ ಕೊಟ್ಟಿಗೆಗಳ ರೂಪದಲ್ಲಿ ಕೊಂಡುಕೊಳ್ಳುತ್ತಿದ್ದಾರೆ. ಹಾಗೆ ಕೊಳ್ಳುವುದು ಲಾಭದ್ದೇ ಇರಬಹುದು, ಆದರೆ ಲೆಕ್ಕ ತಿಳಿದಿರಬೇಕು.

ಮರಗಳಲ್ಲೂ ಹೀಗೆಯೇ. ಕಾಫಿ ತೋಟದವರಿಗೆ ಹಾಲುವಾಣ ಗೊತ್ತು. ಗೂಟ ನೆಟ್ಟರೆ ಚಿಗುರಿ ಎರಡು ಮೂರು ವರ್ಷಕ್ಕೆ ನೆರಳು ಕೊಡುತ್ತಿತ್ತು. ಅಷ್ಟು ಬೇಗ ಬೆಳೆಯಲು ಅದು ಮರವನ್ನು ಮೆತ್ತಗೆ ಕಟ್ಟಿಕೊಂಡಿತ್ತು, ರಕ್ಷಣೆಗೆ ಹೆಚ್ಚು ಇಟ್ಟುಕೊಂಡಿರಲಿಲ್ಲ. 2005-06ರ ನಂತರ ಹೊರದೇಶದಿಂದ ಬಂದ ಸಣ್ಣ ಗಂಟುಕೀಟವೊಂದು ಊರೂರಿನ ಹಾಲುವಾಣವನ್ನು ಒಣಗಿಸಿದ್ದನ್ನು ನಾವೆಲ್ಲ ನೋಡಿದೆವು. ಅದೇ ತೋಟದ ಬೀಟೆ ಅಜ್ಜನ ಕಾಲದಲ್ಲಿ ತೊಡೆಯ ಗಾತ್ರವಿದ್ದದ್ದು ಇಂದು ಸೊಂಟದ ಗಾತ್ರವಾಗಿರಬಹುದು, ಅಷ್ಟೇ. ಅದರ ಗಳಿಕೆಯೆಲ್ಲ ಕೆಚ್ಚಿಗೆ ಹೋಗಿದೆ. ಗೆದ್ದಲು ಕೂಡ ಅದನ್ನು ಮುಟ್ಟಲು ಹಿಂಜರಿಯುತ್ತದೆ. 1936ರಲ್ಲಿ ಸ್ಥಾಪನೆಯಾದ, ಈಗ ಯಂತ್ರಗಳು ನಿಂತಿರುವ ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಬೆಳೆಸಿದ ಅಕೇಶಿಯಾ ಹಾಲುವಾಣದ ಪಂಗಡದ್ದೇ: ಬೇಗ ಬೆಳೆ, ಬೇಗ ಬೀಜ ಚೆಲ್ಲು, ಬೇಗ ಮುಗಿ. ಬೇಗವೂ ಬೆಳೆದು ಬೀಟೆಯಷ್ಟು ಗಟ್ಟಿಯೂ ಆಗಿ ಮುನ್ನೂರು ವರ್ಷವೂ ಬದುಕುವ ಮರ ಈ ಘಟ್ಟದಲ್ಲಿ ಒಂದೂ ಇಲ್ಲ.

ಇನ್ನು ಕಾಫಿಗೆ ಬರೋಣ. ಅರೇಬಿಕಾದ ತವರು ಇಥಿಯೋಪಿಯದ ನೈಋತ್ಯ ಭಾಗದ ಎತ್ತರದ ಕಾಡು. ಅಲ್ಲಿ ಅದು ದೊಡ್ಡ ಮರಗಳ ಕೆಳಗಿನ ಗಿಡ. ದಟ್ಟ ನೆರಳಿನಲ್ಲಿ ಹೂವೇ ಕಡಿಮೆ, ಆದ್ದರಿಂದ ಕಾಯಿಯ ಹೊರೆ ಎಂದೂ ಎಲೆಯ ಗಳಿಕೆಯನ್ನು ಮೀರುತ್ತಿರಲಿಲ್ಲ. ಹೊರೆ ಮೀರದಿದ್ದಲ್ಲಿ ಹೊರೆ ಇಳಿಸುವ ಉಪಾಯವೂ ಬೇಕಾಗಲಿಲ್ಲ. ಮಾವಿನ ಮರ ತಾನು ಸಾಕಲಾರದ ಮಿಡಿಯನ್ನು ಬುಡಕ್ಕೆ ಉದುರಿಸುತ್ತದೆ. ಅಡಿಕೆಯ ಸಿಂಗಾರದಲ್ಲಿ ನೂರಾರು ಹೆಣ್ಣು ಹೂ ಇದ್ದರೂ ಮರ ಅವುಗಳಲ್ಲಿ ಬಹಳಷ್ಟನ್ನು ಬಿಟ್ಟುಕೊಡುತ್ತದೆ. ಅರೇಬಿಕಾಕ್ಕೆ ಈ ಬುದ್ಧಿ ತೀರ ಕಡಿಮೆ. ನೆರಳು ತೆಗೆದು, ಗೊಬ್ಬರ ಕೊಟ್ಟು, ಹೂಮಳೆಯೂ ಚೆನ್ನಾಗಿ ಬಂದರೆ ಕಟ್ಟಿದ ಕಾಯಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಎಲೆಯ ಗಳಿಕೆ ಸಾಲದಾದಾಗ ಕೊಂಬೆಯಲ್ಲಿ, ಬೇರಿನಲ್ಲಿ ಕೂಡಿಟ್ಟದ್ದನ್ನೂ ಕಾಯಿಗೆ ಸುರಿಯುತ್ತದೆ. ಎಲೆ ಉದುರಿ, ತುದಿ ಒಣಗಿ, ಕಾಯಿ ಜೊಳ್ಳಾಗಿ, ಗಿಡವೇ ಸೋಲುತ್ತದೆ. ನಮ್ಮ ಹಿರಿಯರು ಇದನ್ನು ಗಿಡ ‘ಕಾಯಿಗೆ ಸತ್ತಿತು’ ಎನ್ನುತ್ತಿದ್ದರು. ಹೆಚ್ಚು ಇಳುವರಿಗಾಗಿ ನೆರಳನ್ನು ಒಂದೇ ಸಲ ಬಿಚ್ಚುವವರು ಲಕ್ಷ ವರ್ಷ ನೆರಳಿನಲ್ಲಿ ರೂಪುಗೊಂಡ ಗಿಡವನ್ನು ತಾನೆಂದೂ ಕಾಣದ ಬಯಲಿಗೆ ತಂದು ನಿಲ್ಲಿಸಿದಂತಾಗುತ್ತದೆ. ಒಂದು ವರ್ಷ ಬಂಪರು, ಮರುವರ್ಷ ಖಾಲಿ ಎಂಬುದರ ಮೂಲವೂ ಇಲ್ಲೇ ಇದೆ: ಅರೇಬಿಕಾದ ಈ ವರ್ಷದ ಹೂ ಕಳೆದ ವರ್ಷ ಬೆಳೆದ ರೆಕ್ಕೆಯ ಮೇಲೆ. ಕಳೆದ ವರ್ಷ ಎಲ್ಲವೂ ಕಾಯಿಗೆ ಹೋಗಿದ್ದರೆ ಈ ವರ್ಷಕ್ಕೆ ರೆಕ್ಕೆ ಎಲ್ಲಿಂದ ಬಂದೀತು? ಗಸಿ ಮಾಡುವುದು, ಚಿಗುರು ತೆಗೆಯುವುದು, ನೆರಳು ಹದ ಮಾಡುವುದು ಎಲ್ಲವೂ ಗಿಡಕ್ಕಿಲ್ಲದ ಲಗಾಮನ್ನು ನಾವು ಹಾಕುವ ಕೆಲಸವೇ.

ರೋಬಸ್ಟಾ ಬೇರೆ ದಾರಿ ಹಿಡಿದ ಗಿಡ. ಅದು ಆಫ್ರಿಕದ ತಗ್ಗಿನ, ಸೆಕೆಯ ಕಾಡುಗಳದು. ಅಲ್ಲಿ ಕೀಟವೂ ಹೆಚ್ಚು, ಬೂಷ್ಟೂ ಹೆಚ್ಚು. ಅದಕ್ಕಾಗಿ ಅದು ರಕ್ಷಣೆಗೆ ಹೆಚ್ಚು ತೆತ್ತಿದೆ. ಅರೇಬಿಕಾ ಬೀಜದಲ್ಲಿ ಕೆಫೀನು ಶೇಕಡಾ ಒಂದೂಕಾಲರಷ್ಟಿದ್ದರೆ ರೋಬಸ್ಟಾದಲ್ಲಿ ಎರಡಕ್ಕೂ ಮೇಲೆ. ನಮಗೆ ಬೆಳಗಿನ ಚುರುಕು ಕೊಡುವ ಈ ವಸ್ತು ಗಿಡದ ಮಟ್ಟಿಗೆ ಹುಳುವಿಗಿಟ್ಟ ವಿಷ. ರೋಬಸ್ಟಾಕ್ಕೆ ಎಲೆತುಕ್ಕು ಕಾಡುವುದು ಕಡಿಮೆ, ಬಿಳಿಕಾಂಡಕೊರಕ ಅದರ ತಂಟೆಗೆ ಹೋಗುವುದಿಲ್ಲ. ಬದಲಿಗೆ ಲೋಟದಲ್ಲಿ ಕಹಿ ಹೆಚ್ಚು, ಬೆಲೆ ಸಾಮಾನ್ಯವಾಗಿ ಕಡಿಮೆ, ಹೂವಿನ ಹೊತ್ತಿಗೆ ನೀರು ತಪ್ಪಿದರೆ ಫಸಲೇ ತಪ್ಪುತ್ತದೆ.

ಇವೆರಡರ ನಡುವೆ ಇನ್ನೊಂದು ವ್ಯತ್ಯಾಸವಿದೆ, ಅದರ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಒಂಟಿ ಗಿಡವೂ ಫಲ ಬಿಡುತ್ತದೆ, ಜೇನಿಲ್ಲದ ವರ್ಷವೂ ಪೂರ್ತಿ ಕೈಬಿಡುವುದಿಲ್ಲ, ಬೀಜ ಹಾಕಿದರೆ ತಾಯಿಯಂಥದೇ ಗಿಡ ಬರುತ್ತದೆ. ರೋಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂವರಳಿದ ದಿನ ಜಡಿಮಳೆ ಬಂದು ಗಾಳಿ, ಜೇನುಗಳ ಕೆಲಸ ನಿಂತರೆ ಕಾಯಿಯಿಲ್ಲ. ಮೇಲುನೋಟಕ್ಕೆ ಅರೇಬಿಕಾದ ವ್ಯವಸ್ಥೆಯೇ ಲೇಸೆನಿಸುತ್ತದೆ. ಆದರೆ ತನ್ನೊಳಗೇ ಸಂಬಂಧ ಬೆಳೆಸಿದ ಮನೆತನದ ಹಾಗೆ ಅದರ ಗಿಡಗಳೆಲ್ಲ ಒಂದೇ ಅಚ್ಚಿನವು. ಬಾಬಾಬುಡನ್ನರು ಏಳು ಬೀಜ ತಂದರೆಂಬ ಐತಿಹ್ಯವನ್ನು ನಂಬುವುದಾದರೆ ನಮ್ಮ ಹಳೆಯ ತೋಟಗಳ ಬಂಡವಾಳ ಅಷ್ಟೇ. ಒಂದು ಗಿಡವನ್ನು ಗೆದ್ದ ರೋಗ ತೋಟವನ್ನೇ ಗೆದ್ದ ಹಾಗೆ.

ಗೆದ್ದೂ ತೋರಿಸಿತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ಆ ದ್ವೀಪದ ಕಾಫಿಯನ್ನೇ ಮುಗಿಸಿತು. ಅಲ್ಲಿಯವರು ಚಹಾಕ್ಕೆ ತಿರುಗಿದರು. ನಮ್ಮಲ್ಲಿ ‘ಚಿಕ್ಸ್’ ಹೋಯಿತು, ‘ಕೂರ್ಗ್’ ಬಂತು, ಅದೂ ಸೋತಿತು. 1911ರಲ್ಲಿ ಕೆಂಟ್ ಎಂಬ ತೋಟಗಾರರು ಆರಿಸಿದ ‘ಕೆಂಟ್ಸ್’ ತುಕ್ಕನ್ನು ತಡೆದು ನಿಂತಿತು, ಆದರೆ ಕೆಲವೇ ವರ್ಷ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಪ್ರಯೋಗ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕಾರಣ ಕಂಡುಹಿಡಿದರು: ತುಕ್ಕಿನಲ್ಲೂ ತಳಿಗಳಿವೆ. ನಾವು ಬೀಗ ಬದಲಿಸಿದಾಗ ಅದರ ಕೋಟಿಗಟ್ಟಲೆ ಬೀಜಾಣುಗಳಲ್ಲಿ ಯಾವುದೋ ಒಂದರ ಬಳಿ ಹೊಸ ಬೀಗಕ್ಕೆ ಹೊಂದುವ ಕೀಲಿ ಇರುತ್ತದೆ. ಮುಂದಿನ ವರ್ಷ ತೋಟದ ತುಂಬ ಅದರ ಸಂತಾನವೇ. ನಿಸರ್ಗದ ಆಯ್ಕೆ ನಮ್ಮ ಗಿಡಕ್ಕೆ ಮಾತ್ರ ಅನ್ವಯಿಸುವ ಕಾನೂನಲ್ಲವಷ್ಟೆ.

ಅದೇ ಕೇಂದ್ರದ ಎಸ್.288 ಎಂಬ ತಳಿಗೆ ಲೈಬೀರಿಕಾ ಕಾಫಿಯ ರಕ್ತ ಬೆರೆತಿತ್ತು, ತುಕ್ಕಿನ ವಿರುದ್ಧ ಬಲವಿತ್ತು. ಬೇಳೆ ಮಾತ್ರ ದೋಷದ್ದು. ಅದನ್ನು ಕೆಂಟ್ಸ್ ಜೊತೆ ಕೂಡಿಸಿ 1940ರ ದಶಕದಲ್ಲಿ ಎಸ್.795 ಬಂತು. ಇಂದಿಗೂ ಅರೇಬಿಕಾ ತೋಟಗಳಲ್ಲಿ ಅದನ್ನು ಬಿಡದವರಿದ್ದಾರೆ. ತುಕ್ಕನ್ನು ಪೂರ್ತಿ ತಡೆಯದು, ಆದರೂ ಸಹಿಸಿಕೊಳ್ಳುತ್ತದೆ, ಬೇಳೆ ಒಳ್ಳೆಯದು, ಲೋಟದಲ್ಲಿ ಹೆಸರಿದೆ. ಎಲ್ಲದರಲ್ಲೂ ಮಧ್ಯಮವಾದ ಹಂಚಿಕೆ. 1985ರಲ್ಲಿ ಬಿಡುಗಡೆಯಾದ ‘ಕಾವೇರಿ’ಯ ಕಥೆ ಇದಕ್ಕೆ ತದ್ವಿರುದ್ಧ. ಗಿಡ್ಡ ಗಿಡ, ಬೇಗ ಫಸಲು, ಭಾರಿ ಇಳುವರಿ, ಜೊತೆಗೆ ತುಕ್ಕುನಿರೋಧ. ಬೆಳೆಗಾರರು ಕೇಳುವ ಪಟ್ಟಿಯೇ ಗಿಡವಾಗಿ ಬಂದಂತಿತ್ತು. ಕೆಲವು ವರ್ಷಗಳಲ್ಲಿ ನಿರೋಧ ಮುರಿಯಿತು. ಕಾಯಿಯ ಹೊರೆಯಲ್ಲಿ ತುದಿ ಒಣಗುವುದು ಹೆಚ್ಚಿತು. ಗೊಬ್ಬರ, ಸಿಂಪಡಣೆಗಳಲ್ಲಿ ಕೊರತೆ ಮಾಡದವರು ಅದರಿಂದ ಲಾಭ ಪಡೆದರು, ಸಣ್ಣ ಹಿಡುವಳಿದಾರರು ಕಷ್ಟಪಟ್ಟರು. ತಳಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆ ಗಿಡದ ಖರ್ಚಿನ ಪಾಲನ್ನು ಬೆಳೆಗಾರ ಹೊರಬೇಕಾಗಿತ್ತು, ಸಸಿ ಕೊಳ್ಳುವಾಗ ಅದು ಎಲ್ಲರಿಗೂ ತಿಳಿದಿರಲಿಲ್ಲ.

ಹಾಗಾದರೆ ತಳಿ ಸುಧಾರಣೆಯೇ ವ್ಯರ್ಥವೆ? ಖಂಡಿತ ಅಲ್ಲ. ನಿಸರ್ಗದ ಅಳತೆಗೋಲೂ ನಮ್ಮದೂ ಬೇರೆಯಾಗುವ ಕಡೆ ಧಾರಾಳ ಅವಕಾಶವಿದೆ. ಅದಕ್ಕೆ ಒಳ್ಳೆಯ ಸಾಕ್ಷಿ ಭದ್ರಾವತಿಯ ಗದ್ದೆಬಯಲು. ಇಂದು ಅಡಿಕೆ ತುಂಬಿರುವ ಭದ್ರಾ ಅಚ್ಚುಕಟ್ಟಿನ ಎಷ್ಟೋ ಜಮೀನು 1970ರ ದಶಕದಲ್ಲಿ ಭತ್ತದ್ದು. 1966ರಲ್ಲಿ ಬಂದ ಐ.ಆರ್.8, 1968ರ ಜಯ ಇವೆಲ್ಲ ಗಿಡ್ಡ ಭತ್ತಗಳು. ಹಳೆಯ ಭತ್ತಗಳು ಎದೆಮಟ್ಟ ಏಕೆ ಬೆಳೆಯುತ್ತಿದ್ದವು? ಪಕ್ಕದ ಪೈರಿಗಿಂತ ಒಂದು ಗೇಣು ಮೇಲಿದ್ದರೆ ಬಿಸಿಲು ತನಗೆ. ಪಕ್ಕದ್ದೂ ಹಾಗೇ ಏಳುತ್ತದೆ. ಕೊನೆಗೆ ಎಲ್ಲವೂ ಎತ್ತರ, ಯಾರಿಗೂ ಹೆಚ್ಚು ಬಿಸಿಲಿಲ್ಲ, ಹುಲ್ಲಿಗೆ ಖರ್ಚಾದದ್ದು ಎಲ್ಲರಿಗೂ ನಷ್ಟ. ಜಾತ್ರೆಯಲ್ಲಿ ತೇರು ನೋಡಲು ಮುಂದಿನವನು ತುದಿಗಾಲಲ್ಲಿ ನಿಂತರೆ ಹಿಂದಿನವರೆಲ್ಲ ತುದಿಗಾಲಲ್ಲಿ ನಿಲ್ಲಬೇಕಾದ ಹಾಗೆ. ವಿಜ್ಞಾನಿಗಳು ಇಡೀ ಗದ್ದೆಯನ್ನು ಕೂರಿಸಿದರು. ಮೊದಲು ಪೈರಿನ ತೂಕದ ಮೂರರಲ್ಲೊಂದು ಪಾಲು ಕಾಳಾಗುತ್ತಿದ್ದರೆ ಈಗ ಅರ್ಧದಷ್ಟು ಕಾಳಾಯಿತು. ಬೆಲೆ ತೆರಲಿಲ್ಲವೆಂದಲ್ಲ: ಗಿಡ್ಡ ಪೈರು ಕಳೆಯನ್ನು ತುಳಿಯಲಾರದು, ಗದ್ದೆಯಲ್ಲಿ ಆಳ ನೀರು ನಿಂತರೆ ಮುಳುಗುತ್ತದೆ, ದನಕ್ಕೆ ಹುಲ್ಲು ಕಡಿಮೆ. ಆದರೆ ಕಳೆ ಕೀಳಲು, ನೀರು ಹದ ಮಾಡಲು ನಾವಿದ್ದೇವೆ. ಗಿಡ ಬಿಟ್ಟುಕೊಟ್ಟ ಗುಣದ ಕೆಲಸವನ್ನು ರೈತ ತುಂಬಿಕೊಡಬಲ್ಲನಾದರೆ ಅಂಥ ವ್ಯಾಪಾರ ಲಾಭದ್ದು.

ಅಡಿಕೆಯ ಎತ್ತರವೂ ಇದೇ ಬಗೆಯದು. ಕಾಡಿನಲ್ಲಿ ಬಿಸಿಲಿಗಾಗಿ ಏರಬೇಕಾಗಿದ್ದ ಮರ ತೋಟದಲ್ಲೂ ಏರುತ್ತಲೇ ಇದೆ, ಒತ್ತಾಗಿ ನೆಟ್ಟಲ್ಲಿ ಇನ್ನೂ ಬೇಗ. ನಮಗೆ ಆ ಕಾಂಡದಿಂದ ಲಾಭವಿಲ್ಲ. ಕೊನೆಗಾರರು ಸಿಗುವುದು ಕಷ್ಟವಾಗಿ, ದೋಟಿ ಹಿಡಿದು ಕತ್ತೆತ್ತಿ ನಿಲ್ಲುವ ಈ ದಿನಗಳಲ್ಲಿ ಅದು ಶುದ್ಧ ನಷ್ಟ. ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ಸಿಕ್ಕಿದ ಗಿಡ್ಡ ಅಡಿಕೆ ಆಸೆ ಹುಟ್ಟಿಸಿತು, ಆದರೆ ಅದರ ಇಳುವರಿ ಕಡಿಮೆ, ಕಾಯಿ ಸಣ್ಣ. ಅದು ತಾನಾಗಿ ಗಿಡ್ಡವಾದ ಮರ. ಉಳಿದ ಖರ್ಚು ಕಾಯಿಗೆ ತಿರುಗಿರಲಿಲ್ಲ. ವಿಟ್ಲದ ಕೇಂದ್ರದವರು ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಸಂಕರ ಮಾಡಿ 2006ರಲ್ಲಿ ಎರಡು ಗಿಡ್ಡ ಸಂಕರ ತಳಿಗಳನ್ನು ಹೊರತಂದರು. ಇವುಗಳಿಗೂ ಒಂದು ಷರತ್ತಿದೆ. ಅಡಿಕೆ ಪರಕೀಯ ಪರಾಗದ ಮರ. ಸಿಂಗಾರದಲ್ಲಿ ಗಂಡು ಹೂ ಮೊದಲು ಅರಳಿ ಮುಗಿದ ಮೇಲೆ ಹೆಣ್ಣು ಹೂ ಅರಳುತ್ತದೆ. ಆದ್ದರಿಂದ ಸಂಕರ ಮರದ ಗೋಟನ್ನು ನಾವೇ ಬಿತ್ತಿದರೆ ತಾಯಿಯಂಥ ಸಸಿ ಸಿಗುವ ಭರವಸೆಯಿಲ್ಲ. ಪ್ರತಿ ಸಲವೂ ಸಂಕರ ಮಾಡಿಯೇ ಸಸಿ ಎಬ್ಬಿಸಬೇಕು, ಅದಕ್ಕೇ ಅವು ಬೇಕಾದಷ್ಟು ದೊರೆಯುವುದಿಲ್ಲ. ನೆರೆಯ ತೋಟದ ‘ಗಿಡ್ಡ ಮರದ ಸಸಿ’ ಎಂದು ಯಾರಾದರೂ ಮಾರಿದರೆ ಎಚ್ಚರವಿರಲಿ.

ರೋಗದ ವಿಷಯದಲ್ಲಿ ಇಷ್ಟು ಸುಲಭವಾಗಿ ಗೆಲ್ಲಲಾಗದು. ಡಾ. ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಬರೆದು ನೂರು ವರ್ಷ ಮೀರಿತು. ಇಂದಿಗೂ ನಾವು ನೆಚ್ಚಿಕೊಂಡಿರುವುದು ಬೋರ್ಡೋ ದ್ರಾವಣವನ್ನೇ. ರೋಗನಿರೋಧದಲ್ಲಿ ನಿಸರ್ಗಕ್ಕೂ ನಮಗೂ ಒಂದೇ ಗುರಿ. ಲಾಭಕರವಾದ ಸುಲಭ ಉಪಾಯ ಇದ್ದಿದ್ದರೆ ಮರವೇ ಅದನ್ನು ಎಂದೋ ಹಿಡಿಯುತ್ತಿತ್ತು. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ತೋಟಗಳನ್ನು 2022ರ ಸುಮಾರಿಗೆ ಕಂಗೆಡಿಸಿದ ಎಲೆಚುಕ್ಕೆಗೂ ಈ ಮಾತು ಸಲ್ಲುತ್ತದೆ. ‘ಎಲೆಚುಕ್ಕೆ ಬಾರದ ಸಸಿ’ ಎಂಬ ಫಲಕ ಕಂಡರೆ, ಬಾಧೆಯಿರುವ ತೋಟದಲ್ಲಿ ಆ ತಳಿ ಎಷ್ಟು ಮಳೆಗಾಲ ನಿಂತಿದೆ, ಇಳುವರಿ ಎಷ್ಟು, ಬೇಸಿಗೆಯಲ್ಲಿ ಹೇಗಿರುತ್ತದೆ ಎಂದು ಕೇಳಬೇಕು. ಉತ್ತರ ಕೊಡಲಾಗದವರಿಂದ ಸಸಿ ತರುವುದು ಬೇಡ. ಅದರ ಜೊತೆಗೆ ರೋಗವೇ ನಮ್ಮ ತೋಟಕ್ಕೆ ಬಂದೀತು.

ಬಯಲಿನವರಿಗೆ ಒಂದು ಮಾತು. ಕಾಲುವೆ, ಹನಿ ನೀರಾವರಿಗಳಲ್ಲಿ ಬೆಳೆದ ಅಡಿಕೆ ಬುಡದ ತೇವದಲ್ಲೇ ಬೇರು ಹರಡಿಕೊಳ್ಳುತ್ತದೆ. ದಿನವೂ ನೀರು ಸಿಗುವಲ್ಲಿ ದೂರ ಬೇರು ಕಳಿಸುವ ಖರ್ಚು ಅದಕ್ಕೆ ಬೇಡ, ಉಳಿದದ್ದು ಗೊನೆಗೆ ಹೋಗುತ್ತದೆ. 2023ರಂಥ ಬರದ ವರ್ಷ ಕಾಲುವೆ ನಿಂತಾಗ ಆ ಉಳಿತಾಯವೇ ಸಾಲವಾಗುತ್ತದೆ.

ಹೊಸ ತಳಿಗಾಗಿ ಕಾಯುವುದರ ಜೊತೆಗೆ ನಮ್ಮ ತೋಟದಲ್ಲೇ ಮಾಡಬಹುದಾದ ಆಯ್ಕೆ ಇದೆ. ಸಾಮಾನ್ಯವಾಗಿ ನಾವು ಗೋಟು ಇಳಿಸುವುದು ಅಂಚಿನ, ಗೊಬ್ಬರಗುಂಡಿ ಪಕ್ಕದ, ಎಲ್ಲರ ಕಣ್ಣಿಗೆ ಬೀಳುವ ಮರದಿಂದ. ಆ ಮರದ ಗೊನೆಯಲ್ಲಿ ಬಿಸಿಲಿನ, ಗೊಬ್ಬರದ ಪಾಲೆಷ್ಟು, ಹುಟ್ಟುಗುಣದ ಪಾಲೆಷ್ಟು ಎಂದು ತಿಳಿಯುವುದಿಲ್ಲ. ಅಕ್ಕಪಕ್ಕದ ಮರಗಳ ಪಾಲು ಕಸಿದು ಮೇಲೆದ್ದ ಮರವನ್ನು ಆರಿಸಿದರೆ ಕಸಿಯುವ ಗುಣವೇ ಮುಂದಿನ ತೋಟಕ್ಕೆ ಬರುತ್ತದೆ; ಆಗ 550 ಮರಗಳೂ ಒಂದನ್ನೊಂದು ಕಸಿಯತೊಡಗುತ್ತವೆ. ತೋಟದ ನಡುವಿನ ಸಾಲಿನಲ್ಲಿ, ನಾಲ್ಕೂ ಕಡೆ ಮರಗಳಿದ್ದು, ಗಣ್ಣುಗಳು ಹತ್ತಿರ ಹತ್ತಿರವಿದ್ದು, ಮಂಡೆಯಲ್ಲಿ ಎಲೆ ತುಂಬಿದ್ದು, ಪಕ್ಕದ ಮರಗಳೂ ಸೊರಗದೆ ತಾನೂ ಗೊನೆ ಬಿಡುವ ಮರವನ್ನು ಹುಡುಕಬೇಕು. ಅಂಥ ಹತ್ತಿಪ್ಪತ್ತು ಮರಗಳಿಗೆ ಸುಣ್ಣದ ಪಟ್ಟೆ ಹೊಡೆದು, ಒಂದು ವರ್ಷದ ಫಸಲಿಗೆ ಮರುಳಾಗದೆ ಮೂರು ನಾಲ್ಕು ವರ್ಷ ಗೊನೆ ಎಣಿಸಿ ಬರೆದಿಡಬೇಕು. ಒಂದು ವರ್ಷ ಐದು ಗೊನೆ, ಮರುವರ್ಷ ಎರಡು ಕೊಡುವ ಮರಕ್ಕಿಂತ ಪ್ರತಿವರ್ಷ ಮೂರೂವರೆ ನಾಲ್ಕರಲ್ಲಿ ನಿಲ್ಲುವ ಮರ ಲೇಸು. ಮಧ್ಯದ ಗೊನೆಯ, ಪೂರ್ತಿ ಹಣ್ಣಾದ, 35 ಗ್ರಾಂಗಿಂತ ಹೆಚ್ಚು ತೂಗುವ ಗೋಟುಗಳನ್ನು ತೊಟ್ಟು ಮೇಲಾಗುವಂತೆ ಮಡಿಯಲ್ಲಿ ಊರಬೇಕು. ನೆಡುವ ಹೊತ್ತಿಗೆ, ಹನ್ನೆರಡರಿಂದ ಹದಿನೆಂಟು ತಿಂಗಳಾದಾಗ, ಮಡಿಯಲ್ಲಿ ಎಲ್ಲಕ್ಕಿಂತ ಎತ್ತರ ಬೆಳೆದ ಸಸಿಗೆ ಕೈ ಹಾಕುವುದು ನಮ್ಮ ಅಭ್ಯಾಸ. ಬುಡ ದಪ್ಪವಿದ್ದು, ಐದು ಎಲೆಗೆ ಕಡಿಮೆಯಿಲ್ಲದ ಗಿಡ್ಡ ಸಸಿಯನ್ನು ಮೊದಲು ಎತ್ತಿಟ್ಟುಕೊಳ್ಳಿ.